ಮುಚ್ಚಳಕ್ಕೆ ಇಟ್ಟ ಬೊಟ್ಟು

ಕೋಲಾರದ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಆಯುಧಪೂಜೆಯ ದಿನ ಸ್ಕ್ರೂಡ್ರೈವರಿಗೂ ಬೊಟ್ಟು ಇಡುತ್ತಿದ್ದವನು ನಾನೇ, ಅಲ್ಲಿನ ಮೆಕ್ಯಾನಿಕ್ಕು. ಬೈರಕೂರಿನ ಮನೆಯಲ್ಲಿ ಪಂಪ್‌ಸೆಟ್ಟಿಗೆ ಕುಂಕುಮ ಹಚ್ಚದೆ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ. ಆ ಚಾಳಿ ನನಗೂ ಬಂದಿತ್ತು.

ಆ ವರ್ಷ ಶೀತಯಂತ್ರದ ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟಿದ್ದೆವು. ಅದರಲ್ಲಿ ಪ್ರಯೋಗ ಮಾಡುತ್ತಿದ್ದ ಶ್ರೀನಿವಾಸಪುರದ ಹುಡುಗಿಗೆ ಸಂಶೋಧನೆಯ ಅವಧಿ ಮುಗಿಯುತ್ತಾ ಬಂದಿತ್ತು. ಅವಳ ಪಾಲಿಗೆ ಉಳಿದಿದ್ದು ಒಂದೇ ಕ್ಯಾನು ದ್ರವ ಹೀಲಿಯಂ, ಅದೂ ಬೆಂಗಳೂರಿನಿಂದ ಬರಬೇಕು. ಅದರ ತಂಪಿನಲ್ಲಿ ತನ್ನ ಲೋಹದ ಚೂರನ್ನು ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿಳಿಸಿ ಮೂರು ದಿನ ಅಳೆದರೆ ಅವಳ ಪ್ರಬಂಧ ಪೂರ್ತಿಯಾಗುತ್ತದೆ. ಇಲ್ಲದಿದ್ದರೆ ಐದು ವರ್ಷ ನೀರುಪಾಲು. ಇದೆಲ್ಲ ಗೊತ್ತಿದ್ದೂ ಮುಚ್ಚಳದ ಅಂಚಿಗೆ ಮೂರು ಬೊಟ್ಟು ಇಟ್ಟೆನಲ್ಲ! ಮಾರನೆಯ ದಿನ ಒರೆಸಿದೆ. ಒರೆಸಿದೆ ಅಂದುಕೊಂಡೆ.

ಹೀಲಿಯಂ ಬಂತು, ತುಂಬಿದೆವು. ಈ ಯಂತ್ರವೆಂದರೆ ದೊಡ್ಡದೊಂದು ಥರ್ಮಾಸ್ ಫ್ಲಾಸ್ಕು, ಅಷ್ಟೇ. ಅದರ ಎರಡು ಗೋಡೆಗಳ ನಡುವೆ ಗಾಳಿ ಇರಕೂಡದು, ಅದನ್ನು ತಡೆಯುವುದು ಬಿಗಿಯಾಗಿ ಕೂತ ಮುಚ್ಚಳವೇ. ನುಸುಳಿದರೆ ಕಥೆ ಮುಗಿಯಿತು. ಮಧ್ಯಾಹ್ನ ಹೊರಗೋಡೆ ಬೆವರತೊಡಗಿತು. ಒಳಗಿನ ಹೀಲಿಯಂ ಕುದಿದು ಪೈಪಿನಿಂದ ಸುಯ್ಯೆಂದು ಹೊರಟಿತು. ಮೂರು ದಿನ ಬಾಳಬೇಕಾದದ್ದು ಸಂಜೆಯ ಟೀ ಹೊತ್ತಿಗೆ ಖಾಲಿ.

"ಪೋನೀ ಅಣ್ಣಾ, ಹೋಗ್ಲಿ ಬಿಡಿ," ಅಂದಳು ಅವಳು. ನಮ್ಮಿಬ್ಬರ ಮನೆಮಾತೂ ತೆಲುಗು, ದುಃಖಕ್ಕೆ ಮೊದಲು ಅದೇ ಬಾಯಿಗೆ ಬರುತ್ತದೆ. "ಮುಚ್ಚಳ ಕೂರ್ಸಿದ್ದು ನಾನೇ ತಾನೇ? ನನ್ ಕೈಯೇ ಸರಿಯಿಲ್ಲ."

"ಅಯ್ಯೋ, ಹಂಗನ್ಬೇಡಮ್ಮಾ," ಅಂದೆ.

ಎರಡು ದಿನ ಬಿಟ್ಟು, ಯಂತ್ರ ಬೆಚ್ಚಗಾದ ಮೇಲೆ, ಒಬ್ಬನೇ ಬಿಚ್ಚಿ ನೋಡಿದೆ. ಮುಚ್ಚಳದ ಕೆಳಗಿನ ರಬ್ಬರ್ ಉಂಗುರದ ಗ್ರೀಸಿಗೆ ಕುಂಕುಮ ಕೆಂಪಗೆ ಗಂಟುಕಟ್ಟಿ ಅಂಟಿತ್ತು. ಗಾಳಿ ನುಸುಳಿದ್ದು ಅಲ್ಲಿಂದಲೇ. ಥೂ, ನನ್ನ ಜನ್ಮಕ್ಕಿಷ್ಟು! ಅಂಗಿಯ ತುದಿಯಿಂದ ಒರೆಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ಪ್ರಯೋಗಾಲಯದಲ್ಲೇ ಸವೆದವನು ಯಾವ ಮುಖ ಹೊತ್ತು ಹೇಳಲಿ? ನಾಚಿಕೆಯಾಯಿತು.

ಇನ್ನೊಂದು ಕ್ಯಾನು ಕೊಡಲು ಯಾರೂ ಒಪ್ಪಲಿಲ್ಲ. ಅವಧಿ ಮುಗಿದ ದಿನ ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. ಊರಿನಲ್ಲಿ ಟ್ಯೂಷನ್ ಹೇಳಿಕೊಡುತ್ತೀನಿ, ಇಂಥ ಕೆಲಸ ನನ್ನ ಕೈಗೆ ಆಗೋದಲ್ಲ ಅಂದಳು. ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ.

ಬಾಗಿಲವರೆಗೆ ಹೋದವಳು ವಾಪಸ್ಸು ಬಂದು ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅಣ್ಣಾ, ಇದಕ್ಕೊಂದ್ ಬೊಟ್ಟಿಡಿ. ಮುಂದೆ ಬರೋರ್ಗಾದ್ರೂ ಒಳ್ಳೇದಾಗ್ಲಿ."

ಕುಂಕುಮದ ಭರಣಿ ನನ್ನ ಡ್ರಾಯರಿನಲ್ಲೇ ಇತ್ತು. ಅವಳು ಕೈಮುಗಿದು ನಿಂತಿದ್ದಳು. ಇಟ್ಟೆ.