ಭಾಗ್ಯಾಳ ಬೆನ್ನಿಗೆ ಚಿತ್ತಾಪುರಕ್ಕ

ನಮ್ಮ ಪಕ್ಕದ ಮನಿ ಭಾಗ್ಯಾ ಅವತ್ತು ಕೂಸಿನ್ನ ಅತ್ತಿ ಕೈಯಾಗ ಕೊಟ್ಟು, “ಅವ್ರಿಗೆ ಹೇಳಬ್ಯಾಡ್ರಿ” ಅಂದು, ಛಲೋ ಸೀರಿ ಉಟ್ಟು ವಾಡಿ ಸ್ಟ್ಯಾಂಡಿನಾಗ ಚಿತ್ತಾಪುರ ಬಸ್ ಹತ್ತಿದ್ಲು. ಗಂಡಗ ಗೊತ್ತಿಲ್ಲದ ಪ್ರಯಾಣ! ಮುದುಕಿ ಆದ್ರೇನು, ನಾ ಬಿಡ್ತೀನೇನು? ಹೆಣ್ಮಕ್ಕಳಿಗೆ ಬಸ್ ಪುಕ್ಕಟ, ನಾನೂ ಹತ್ತಿದೆ.

ಆಕಿ ಹೋಗಿದ್ದು ಗಂಡನ ಆಟೋಕ್ಕ ಸಾಲ ಕೊಟ್ಟ ಆಫೀಸಿಗೆ. ಬಾಗಿಲ ಮರೀಗೆ ನಿಂತು ಕಿವಿ ಕೊಟ್ಟೆ.

“ಕಂತು ಕಡಿಮಿ ಮಾಡಿ ಮುದ್ದತು ಹೆಚ್ಚಸ್ರಿ ಸರ. ಗಂಡಗ ಕೇಳ್ಲಿಕ್ಕ ನಾಚಿಕಿ, ಅದಕ್ಕ ನಾನೇ ಬಂದೀನಿ. ಇಲ್ಲಂದ್ರ ಆಟೋ ಹೋಗ್ತದ.”

“ಎಲ್ಲಾರೂ ಹಿಂಗೇ ಅಳ್ತಾರಮ್ಮ. ನಿಮ್ಮ ಮನಿ ಖರ್ಚು ನಮಗೇನು ಗೊತ್ತು?” ಅಂದ ಮ್ಯಾನೇಜರ.

ನನಗ ತಡೀಲಿಕ್ಕಾಗಲಿಲ್ಲ, ಒಳಗ ನುಗ್ಗಿದೆ. “ನನಗ ಗೊತ್ತದ, ಕೇಳ್ರಿ! ಹಾಲು ಕೂಸಿಗಷ್ಟೇ, ಇವ್ರಿಗೆ ಕರೀ ಚಾ. ಗ್ಯಾಸ್ ತೀರಿ ಕಟಗಿ ಒಲಿ ಹಚ್ಚ್ಯಾರ. ಗಂಡ ಗುಟಕಾ ಬಿಟ್ಟಾನ. ಮೊನ್ನೆ ಕದ್ದು ತಿಂದದ್ದಕ್ಕ ಈಕಿ ಬಡಿಗಿ ತಗೊಂಡು ಓಣಿ ತುಂಬ ಓಡಿಸ್ಯಾಳ!”

“ಅಯ್ಯೋ ಆಯಿ, ಅದನ್ಯಾಕ ಹೇಳ್ತಿ!” ಭಾಗ್ಯಾ ಸೆರಗಿಲೆ ಮಾರಿ ಮುಚ್ಕೊಂಡ್ಲು.

ಮ್ಯಾನೇಜರ ಬಿದ್ದು ಬಿದ್ದು ನಕ್ಕ. “ಮುದ್ದತು ಹೆಚ್ಚಾದ್ರ ಒಟ್ಟು ಬಡ್ಡಿ ಜಾಸ್ತಿ ಬೀಳ್ತದ ನೋಡಮ್ಮ,” ಅಂತ ಹೇಳಿ, ಆಕಿ ಹೂಂ ಅಂದ ಮ್ಯಾಲ ಕಂತು ಇಳಿಸಿದ.

ವಾಪಸ್ ಬಸ್ಸಿನಾಗ ಎಲ್ಲಾರಿಗೂ ಹೇಳಿದೆ. ಆಟೋ ಉಳಿದ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ. ಬಡಿಗಿದು ಮಾತ್ರ ಇನ್ನೊಮ್ಮೆ ಹೇಳಂದ್ರು.