ಮೂರು ಗೆರೆಯ ಹೆಡ್‌ಲೈಟು

ಹಳೇಬೀಡಿನ ಕೆಂಚಪ್ಪ ಮೂವತ್ತು ವರ್ಷ ಮೂಗಿಲ್ಲದ ಗೊಂಬೆಗಳನ್ನು ಮಾಡಿ ಮಾರಿದವನು. ದೇವಸ್ಥಾನದ ಗೋಡೆಯ ಶಿಲ್ಪದ ಮೂಗು ಮುರಿದಿದ್ದರೆ ಅವನ ಪ್ಲಾಸ್ಟರ್ ಗೊಂಬೆಗೂ ಮೂಗು ಇರುತ್ತಿರಲಿಲ್ಲ. "ಒಂದು ಮೂಗು ಇಡಬಾರದೇನ್ರೀ?" ಎಂದು ಪ್ರವಾಸಿಗರು ಕೇಳಿದರೆ, "ಅಲ್ಲಿ ಇಲ್ವಲ್ಲ ಸ್ವಾಮಿ" ಎನ್ನುತ್ತಿದ್ದ. ಪಕ್ಕದಂಗಡಿಯ ಮೂಗುಳ್ಳ ಗೊಂಬೆಗಳು ಚೆನ್ನಾಗಿ ಖರ್ಚಾಗುತ್ತಿದ್ದವು. ಅವನಿಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮೂಗು ಮಾತ್ರ ಇಡಲಿಲ್ಲ.

ಒಮ್ಮೆ ಯಾರದೋ ಹಳೇ ಕಾರಿನ ಹೆಡ್‌ಲೈಟಿನ ಮುಂಗಾಜು ಎಲ್ಲೂ ಸಿಗದೆ, ಗೊಂಬೆಗೆ ಮಾಡುವಂತೆಯೇ ರಬ್ಬರಿನ ಅಚ್ಚು ತೆಗೆದು, ಆರಿದರೆ ಗಾಜಿನಂತಾಗುವ ತಿಳಿ ರೆಸಿನ್ ಸುರಿದು ಮಾಡಿಕೊಟ್ಟ. ಅಂದಿನಿಂದ ಅರಸೀಕೆರೆ, ಬೇಲೂರಿನ ಮೆಕ್ಯಾನಿಕ್‌ಗಳು ಬಿಡಿಭಾಗ ಸಿಗದ ಕಾರುಗಳನ್ನೆಲ್ಲ ಅವನ ಶೆಡ್ಡಿಗೆ ಅಟ್ಟತೊಡಗಿದರು. ಗೊಂಬೆ ಮಾಡುವುದು ನಿಂತಿತು.

ಮಾದಿಹಳ್ಳಿಯ ಬಸಮ್ಮನವರ ಕಾರೂ ಹಾಗೆಯೇ ಬಂತು. ಗಂಡ ದೇವರಾಜ್ ತೀರಿಕೊಂಡು ಎರಡು ವರ್ಷ. ಅವರೇ ಕಲಿಸಿದ ಡ್ರೈವಿಂಗು, ಅವರೇ ಕೊಂಡ ಕಾರು. ದೀಪದ ಗಾಜು ಅರಿಶಿನದ ಬಣ್ಣಕ್ಕೆ ತಿರುಗಿ ಬೆಳಕೇ ಹೊರಗೆ ಬಾರದೆ, ಹಳೇ ಕಾರು ಓಡಿಸಲು ಬೇಕಾದ ಎಫ್.ಸಿ. ಒಂದು ಸಲ ತಪ್ಪಿತ್ತು. ಇನ್ನೊಂದು ಸಲ ತಪ್ಪಿದರೆ ಕಾರು ಗುಜರಿಗೆ. ಮೈದುನ ಆಗಲೇ ಗುಜರಿಯವನನ್ನು ಕರೆಸಿ ತೋರಿಸಿಯೂ ಆಗಿತ್ತು.

"ಬರೋ ಗುರುವಾರ ಇನ್ಸ್‌ಪೆಕ್ಟ್ರು ನೋಡ್ತಾರೆ ಕೆಂಚಪ್ಪ."

"ಇದ್ದಂಗೇ ಮಾಡ್ಕೊಡ್ತೀನಿ ಅಮ್ಮಾರೆ."

ಇದ್ದ ಹಾಗೇ ಮಾಡಿದ. ಸೋಮವಾರ ಬಸಮ್ಮನವರ ಎದುರಿಗೇ ಹೊಸ ಗಾಜು ಕೂರಿಸಿ, ಶೆಡ್ಡಿನ ಬಾಗಿಲು ಮುಚ್ಚಿ, ಸುಣ್ಣದ ಗೋಡೆಗೆ ಬೆಳಕು ಬಿಟ್ಟ. ಗೋಡೆಯ ಮೇಲೆ ಅಡ್ಡಡ್ಡಲಾಗಿ ಮೂರು ಗೆರೆ ಮೂಡಿದವು. ಗೋಡೆ ವಿಭೂತಿ ಧರಿಸಿತ್ತು.

"ಹಳೇ ಗಾಜಲ್ಲೇ ಉಬ್ಬಿದ್ವು," ಎಂದ ಕೆಂಚಪ್ಪ. "ಕಂಪನಿಯೋರ ಡಿಸೈನು ಅಂದ್ಕೊಂಡೆ."

ಬಸಮ್ಮ ಗೋಡೆಯ ಹತ್ತಿರಕ್ಕೆ ಹೋದರು.

"ಕಂಪನಿ ಅಲ್ಲ, ನಮ್ಮನೆಯೋರು. ದಿನಾ ಯಾರು ವಿಭೂತಿ ಹಚ್ತಾರೆ ಅಂತ ಒಂದು ಆಯುಧಪೂಜೇಲಿ ಬಿಳೀ ಪೇಂಟಿಗೆ ಮೂರು ಬೆರಳು ಅದ್ದಿ ದೀಪದ ಮೇಲೇ ಎಳೆದುಬಿಟ್ರು. ಏಳೆಂಟು ವರ್ಷ ಆದ್ಮೇಲೆ ನಾನೇ ಬೈದು ಕೆರೆಸಿದ್ದೆ."

ಪೇಂಟು ಹೋಗಿತ್ತು. ಸುತ್ತಲಿನ ಗಾಜು ಸವೆದು, ಅದರ ಅಡಿಯಲ್ಲಿ ಸವೆಯದೆ ಉಳಿದ ಗಾಜು ಗೆರೆಯಾಗಿ ನಿಂತಿತ್ತು.

"ನಡುವಿಂದು ಮೋಟು ನೋಡು. ಕಾಯಿ ಸುಲಿಯೋ ಮಿಷಿನ್ನಿಗೆ ಸಿಕ್ಕಿದ ಬೆರಳು ಅದು," ಎಂದರು. ಆಮೇಲೆ ಗೋಡೆಗೆ ಬೆನ್ನು ಮಾಡಿ, "ಉಜ್ಜಿಬಿಡು. ಇನ್ಸ್‌ಪೆಕ್ಟ್ರು ಒಪ್ಪಲ್ಲ. ಕಾರಾದ್ರೂ ಉಳೀಲಿ," ಎಂದು ಬಸ್ಸಿಗೆ ಹೊರಟರು.

ಕೆಂಚಪ್ಪ ಉಪ್ಪುಕಾಗದ ಕೈಗೆತ್ತಿಕೊಂಡ, ಕೆಳಗಿಟ್ಟ. ಮುರಿದ ಮೂಗನ್ನೇ ಮುಟ್ಟದವನು ಇದನ್ನು ಮುಟ್ಟುವುದು ಹೇಗೆ? ಕೊನೆಗೆ ಆ ಗಾಜುಗಳನ್ನು ಬಿಚ್ಚಿ ಹಳೇ ಪಂಚೆಯಲ್ಲಿ ಸುತ್ತಿಟ್ಟ. ರಬ್ಬರ್ ಅಚ್ಚಿನಲ್ಲಿ ಗೆರೆಗಳಿದ್ದ ಕಡೆ ಮೇಣ ತುಂಬಿ, ಇನ್ನೊಂದು ಜೊತೆ ಸುರಿದು ಕಾರಿಗೆ ಕೂರಿಸಿದ. ಇದ್ದ ಹಾಗಲ್ಲದೆ ಅವನು ಮಾಡಿದ ಮೊದಲ ವಸ್ತು ಅದು. ನುಣ್ಣಗೆ ಚೆನ್ನಾಗಿಯೇ ಬಂದದ್ದು ಅವನಿಗೆ ಇನ್ನಷ್ಟು ಬೇಸರ ತಂದಿತು.

ಗುರುವಾರ ಬೆಳಿಗ್ಗೆ ಬಸಮ್ಮ ಬಂದು ಕಾರು ಒಯ್ದರು; ಎಫ್.ಸಿ. ಆಯಿತು. ಮಧ್ಯಾಹ್ನ ಮತ್ತೆ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದರು.

"ಆ ಗೆರೇನ ಉಜ್ಜೇಬಿಟ್ಯೇನೋ?"

ಕೆಂಚಪ್ಪ ಪಂಚೆಯ ಗಂಟು ತಂದು ಬಿಚ್ಚಿದ. ಬಸಮ್ಮ ಮೋಟು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದನ್ನೇ ಹಾಕು."

"ಮತ್ತೆ ಮುಂದಿನ ಎಫ್.ಸಿ.?"

"ಅದಕ್ಕಿನ್ನೂ ಐದು ವರ್ಷ ಐತಲ್ಲ."

ಹಾಕಿಕೊಟ್ಟ. ಬಸಮ್ಮ ಸುಡುಬಿಸಿಲಿನಲ್ಲೇ ಲೈಟು ಹಾಕಿಕೊಂಡು ಮಾದಿಹಳ್ಳಿ ದಾರಿ ಹಿಡಿದರು. ಎದುರು ಬಂದ ಬಸ್ಸಿನವರು, ಆಟೋದವರು ಕೈಬೆರಳು ಮುಚ್ಚಿ ತೆರೆದು, ಲೈಟು ಉರೀತಾ ಇದೆ ಎಂದು ಸನ್ನೆ ಮಾಡಿದರು. ಬಸಮ್ಮ ತಲೆಯಾಡಿಸಿದರು, ಆರಿಸಲಿಲ್ಲ.