ಮೆಣಸಿನಕಾಯಿ ಅಂಗಳದ ಹಸಿರು ಗೋಡೆ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ಬ್ಯಾಡಗಿಯಲ್ಲಿ ಹನ್ನೆರಡು ಮನೆಗಳ ವಠಾರವೊಂದರ ವಿನ್ಯಾಸ ನನ್ನ ಪಾಲಿಗೆ ಬಂತು. ರಾಣೆಬೆನ್ನೂರಿನಲ್ಲಿ ಆರ್ಕಿಟೆಕ್ಟ್ ಆಗಿ ನಾನು ಆಗಲೇ ಇಪ್ಪತ್ತು ವರ್ಷ ಕಳೆದಿದ್ದೆ. ಎಲ್ಲ ಮನೆಗಳೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯಬೇಕು, ಅಂಗಳ ಎಲ್ಲರ ತೋಟವಾಗಬೇಕು, ಸಂಜೆ ಬಿಸಿಲು ಬಡಿಯುವ ಎತ್ತರದ ಗೋಡೆಗೆ ಗಿಡಗಳ ಹೊದಿಕೆ ಇರಬೇಕು ಎಂದು ಹಟ ಹಿಡಿದು ಮಾಡಿಸಿದೆ. ಫೆಲ್ಟ್ ಬಟ್ಟೆಯ ಜೇಬುಗಳಲ್ಲಿ ಗಿಡ ನೆಟ್ಟು, ಮೇಲಿನ ಡ್ರಿಪ್ ಪೈಪಿನಿಂದ ಹನಿಹನಿಯಾಗಿ ನೀರಿಳಿಸುವ ಇಂಥ ಗೋಡೆಗೆ ಲಿವಿಂಗ್ ವಾಲ್ ಎನ್ನುತ್ತಾರೆ. ಗೃಹಪ್ರವೇಶದ ದಿನ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮಳೆಗಾಲವೆಲ್ಲ ಚೆನ್ನಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಗಿಡಗಳು ಒಣಗತೊಡಗಿದವು. ಹೋಗಿ ನೋಡಿದರೆ ಯಾರೋ ಡ್ರಿಪ್ ವಾಲ್ವ್ ಮುಚ್ಚಿದ್ದರು. ತೆರೆದು ಬಂದೆ; ಮತ್ತೆ ಮುಚ್ಚಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡು ಒಂದು ಬೆಳಿಗ್ಗೆ ವಾಲ್ವ್ ಹತ್ತಿರವೇ ಕಾದು ಕುಳಿತೆ.

ಬಂದವರು ಮೂಲೆಮನೆಯ ಗಂಗವ್ವ. ವ್ಯಾಪಾರಿಗಳು ಕಳಿಸುವ ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ ಸಂಸಾರ ನಡೆಸುತ್ತಿದ್ದ ಹೆಂಗಸು. ನನ್ನ ಎದುರಿಗೇ ವಾಲ್ವ್ ತಿರುಗಿಸಿದರು.

"ಗಿಡ ಸಾಯಾಕತ್ತಾವು. ನೀರ ಯಾಕ ಬಂದ್ ಮಾಡ್ತೀರಿ?" ಎಂದು ಸಿಟ್ಟಿನಿಂದಲೇ ಕೇಳಿದೆ.

ಅವರು ಒಳಗೆ ಹೋಗಿ ಒಂದು ಬೊಗಸೆ ಮೆಣಸಿನಕಾಯಿ ತಂದು ತೋರಿಸಿದರು. ತೊಟ್ಟಿನ ಸುತ್ತ ಬೂಜು ಹಿಡಿದಿತ್ತು.

"ಸಾವ್ಕಾರ್ರು ಒಂದ್ ಚೀಲ ವಾಪಸ್ ಕಳಿಸ್ಯಾರ್ರಿ. ಇನ್ನೊಮ್ಮೆ ಹಿಂಗಾದ್ರ ಕೆಲಸ ಕೊಡೂದಿಲ್ಲ ಅಂದಾರ. ನಿಮ್ಮ ಗ್ವಾಡಿ ನೀರು ಬೇಡತೈತಿ, ನನ್ನ ಕಾಯಿ ಬಿಸಲು ಬೇಡತೈತಿ. ನಾ ಏನ್ ಮಾಡ್ಲಿ ಹೇಳ್ರಿ."

ಆಗ ನನ್ನ ತಪ್ಪು ಕಂಡಿತು. ಅಂಗಳದ ನಡುವೆ ನಾನು ಲಾನ್ ಬೆಳೆಸಿದ್ದೆ. ಹಸಿ ಹುಲ್ಲಿನ ಮೇಲೆ ಕಾಯಿ ಹರವಲಾಗದೆ ಹೆಂಗಸರು ಗೋಡೆಯ ಬುಡದ ಕಲ್ಲುಹಾಸಿನ ಮೇಲೆ ಹರವುತ್ತಿದ್ದರು. ಮೇಲಿಂದ ನನ್ನ ಹನಿ ಬೀಳುತ್ತಿತ್ತು. ಬ್ಯಾಡಗಿಯಲ್ಲಿ ಮನೆ ಕಟ್ಟಿ, ಮೆಣಸಿನಕಾಯಿ ಒಣಗಿಸಲು ಜಾಗ ಬಿಡದ ಜಾಣ ನಾನೊಬ್ಬನೇ ಇರಬೇಕು. ನಿಜಕ್ಕೂ ನಾಚಿಕೆಯಾಯಿತು.

"ಹಂಗಾದ್ರ ಗ್ವಾಡಿ ಕಿತ್ತ ಹಾಕಲೇನು?" ಎಂದೆ.

"ಯಾಕ್ರಿ, ಮನಿ ತಂಪ ಆಗೇತಿ. ತೊಂಡಿ ಬಳ್ಳಿ ಹಬ್ಬಸ್ರಿ. ಬುಡಕ್ಕ ನೀರ ಹಾಕಿದ್ರ ಸಾಕು, ಮ್ಯಾಲಿಂದ ಹನಿ ಬೀಳೂದಿಲ್ಲ."

ನನ್ನ ಪದವಿಗೆ ಹೊಳೆಯದ್ದು ಅದು. ಫೆಲ್ಟ್ ಕಿತ್ತು, ಗೋಡೆಯಿಂದ ಒಂದು ಗೇಣು ದೂರಕ್ಕೆ ತಂತಿಯ ಚೌಕಟ್ಟು ನಿಲ್ಲಿಸಿದೆವು. ಬುಡದ ಕಲ್ಲುಗಳನ್ನು ಎಬ್ಬಿಸಿ, ಲಾನ್ ತೆಗೆದ ಜಾಗಕ್ಕೆ ಹಾಸಿದೆವು. ಅವು ಇದ್ದಲ್ಲಿ ಪಾತಿ ಮಾಡಿದೆವು. ಮನೆಗೊಂದು ಬಳ್ಳಿಯಂತೆ ಹನ್ನೆರಡು ಬಳ್ಳಿ, ತೊಂಡೆ, ಹೀರೆ, ಬಸಳೆ. ಅವರವರ ಬಳ್ಳಿಗೆ ಅವರವರೇ ನೀರು ಹಾಕಿದರು. ಆ ಬೇಸಿಗೆ ಮುಗಿಯುವ ಮೊದಲೇ ಅರ್ಧ ಗೋಡೆ ಹಸಿರಾಯಿತು. ಗಂಗವ್ವನ ಮನೆಗೆ ಚೀಲಗಳು ಬರುವುದು ನಿಲ್ಲಲಿಲ್ಲ, ಮೊದಲಿಗಿಂತ ಹೆಚ್ಚೇ ಬಂದವು. ಮುಂದಿನ ಸುಗ್ಗಿಗೆ ನಾನು ಹೋದಾಗ ಒಂದು ಕಡೆ ಬಳ್ಳಿ, ನಡುವೆ ಕೆಂಪು ಅಂಗಳ, ಹೆಂಗಸರೆಲ್ಲ ಬಳ್ಳಿಯ ನೆರಳಿನಲ್ಲಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ನನಗೆ ಒಂದು ಚೀಲ ತೊಂಡೆಕಾಯಿ ಸಿಕ್ಕಿತು.

ಈಚೆಗೆ ಹಾವೇರಿಯ ದಂಪತಿ ಮನೆ ಕಟ್ಟಿಸಲು ಬಂದು, ಮೊಬೈಲಿನಲ್ಲಿ ಹಸಿರು ಗೋಡೆಯ ಚಿತ್ರ ತೋರಿಸಿದರು. ಸೈಟ್ ಎಷ್ಟು, ಬೆಡ್‌ರೂಮ್ ಎಷ್ಟು ಎಂದು ನಾನು ಕೇಳಲಿಲ್ಲ. "ನಿಮ್ಮ ಮನ್ಯಾಗ ಏನೇನು ಒಣಗಸ್ತೀರಿ?" ಎಂದು ಕೇಳಿದೆ. ಗಂಡ ಹೆಂಡತಿಯ ಮುಖ ನೋಡಿದ. ಆಕೆ ಕುರ್ಚಿ ಹತ್ತಿರಕ್ಕೆಳೆದುಕೊಂಡು ಹೇಳತೊಡಗಿದಳು. ನಾನು ಪೆನ್ಸಿಲ್ ಕೆಳಗಿಟ್ಟು ಕೇಳಿಸಿಕೊಂಡೆ.